‘ಪರಿಸರಸ್ನೇಹಿ’ ಗಣಪ: ಚೀಟಿ ಬಿಡಿ, ಒದ್ದೆ ಬೆರಳಿನಿಂದ ಉಜ್ಜಿ ನೋಡಿ

ಭಾದ್ರಪದ ಹತ್ತಿರ ಬಂತೆಂದರೆ ಅಂಗಡಿಯಲ್ಲಿರುವ ಗಣಪಗಳೆಲ್ಲ ಪರಿಸರಸ್ನೇಹಿಯೇ. ಬಣ್ಣವಿಲ್ಲದ ಜೇಡಿಮಣ್ಣಿನದು, ಬಣ್ಣ ಬಳಿದ ಮಣ್ಣಿನದು, ಸುಟ್ಟ ಮಣ್ಣಿನದು, ಬೀಜ ತುಂಬಿದ್ದು, ಕಾಗದದ ತಿರುಳಿನದು, ಸಗಣಿಯದು, ಅರಿಶಿನದ್ದು ಎಲ್ಲಕ್ಕೂ ಅದೇ ಹಸಿರು ಚೀಟಿ. ತೀರ್ಪನ್ನು ಮೊದಲೇ ಹೇಳಿಬಿಡೋಣ. ಇವುಗಳಲ್ಲಿ ಧೈರ್ಯವಾಗಿ ಕೊಳ್ಳಬಹುದಾದದ್ದು ಒಂದೇ: ಬಣ್ಣ ಹಚ್ಚದ, ಸುಡದ, ಒಂದು ಗೇಣು ಎತ್ತರದ ಮಣ್ಣಿನ ಗಣಪ. ಅದಕ್ಕೆ ಐದಕ್ಕೆ ಐದು ಅಂಕ. ಉಳಿದವಕ್ಕೆ ಒಂದಲ್ಲ ಒಂದು ತಕರಾರಿದೆ.

ಅಳೆಯುವ ಕೋಲಿಗಾಗಿ ದೂರ ಹೋಗಬೇಕಿಲ್ಲ, ಶಾಸ್ತ್ರದಲ್ಲೇ ಇದೆ. ಮನುಸ್ಮೃತಿಯ ಬೇರೆ ಮಾತುಗಳ ಬಗ್ಗೆ ಜಗಳ ಏನೇ ಇರಲಿ, ನಾಲ್ಕನೆಯ ಅಧ್ಯಾಯದ 56ನೇ ಶ್ಲೋಕದಲ್ಲಿ ಗೊಂದಲವಿಲ್ಲ: ಮಲಮೂತ್ರ, ಉಗುಳು, ಹೊಲಸು ಮೆತ್ತಿದ ವಸ್ತು, ರಕ್ತ, ವಿಷ ಇವನ್ನು ನೀರಿಗೆ ಹಾಕಕೂಡದು. ತೈತ್ತಿರೀಯ ಆರಣ್ಯಕದ ಅರುಣಪ್ರಶ್ನದಲ್ಲೂ ‘ನಾಪ್ಸು ಮೂತ್ರಪುರೀಷಂ ಕುರ್ಯಾತ್, ನ ನಿಷ್ಠೀವೇತ್’ ಎಂದು ಬರುತ್ತದೆ. ನೀರೊಳಗೆ ಅಗ್ನಿ ಅಡಗಿದ್ದಾನೆ ಎಂಬುದು ಅಲ್ಲಿ ಕೊಡುವ ಕಾರಣ. ಉಗುಳುವುದಕ್ಕೇ ಬೇಡವೆಂದ ನೀರಿಗೆ ಸೀಸದ ಹಳದಿ ಬಳಿದ ವಿಗ್ರಹ ಇಳಿಸಬಹುದೇ ಎಂದು ಕೇಳಿಕೊಂಡರೆ ಅರ್ಧ ಅಂಗಡಿ ಖಾಲಿಯಾಗುತ್ತದೆ.

ಉಳಿದರ್ಧಕ್ಕೆ ಬೆರಳಿನ ಪರೀಕ್ಷೆ. ವಿಗ್ರಹವನ್ನು ಬುಡಮೇಲು ಮಾಡಿ, ತಳದಲ್ಲಿ ಬಣ್ಣ ತಾಗದ ಜಾಗ ನೋಡಿಕೊಂಡು, ಒದ್ದೆ ಬೆರಳಿನಿಂದ ಅರ್ಧ ನಿಮಿಷ ಉಜ್ಜಿ. ಸುಡದ ಮಣ್ಣಾದರೆ ಬೆರಳು ಜಾರತೊಡಗುತ್ತದೆ, ಕೆಸರು ಅಂಟುತ್ತದೆ, ಮಣ್ಣಿನ ವಾಸನೆ ಬರುತ್ತದೆ. ಪಿಒಪಿ, ಅಂದರೆ ಪ್ಲಾಸ್ಟರ್ ಆಫ್ ಪ್ಯಾರಿಸ್, ನೀರು ಹೀರಿಕೊಳ್ಳುತ್ತದೆ ಆದರೆ ಜಾರುವುದಿಲ್ಲ, ಉಗುರಿನಲ್ಲಿ ಕೆರೆದರೆ ಬಿಳಿ ಪುಡಿ ಉದುರುತ್ತದೆ. ಸುಟ್ಟ ಮಣ್ಣೂ ನೀರು ಹೀರುತ್ತದೆ, ಬೆರಳಿಗೆ ಮಾತ್ರ ಏನೂ ಬರುವುದಿಲ್ಲ, ಗೆಣ್ಣಿನಿಂದ ತಟ್ಟಿದರೆ ಠಣ್ ಎನ್ನುತ್ತದೆ. ತೂಕವೂ ಸುಳ್ಳು ಹೇಳುವುದಿಲ್ಲ. ಒಂದು ಗೇಣಿನ ಗಟ್ಟಿ ಮಣ್ಣಿನ ಗಣಪ ಸುಮಾರು 3 ಕೆ.ಜಿ. ತೂಗುತ್ತಾನೆ, ಪಿಒಪಿಯದು ಅಚ್ಚಿನಲ್ಲಿ ಎರೆದ ತೆಳು ಚಿಪ್ಪು, ಒಳಗೆ ಟೊಳ್ಳು, ಕೈಗೆತ್ತಿಕೊಂಡರೇ ತಿಳಿಯುತ್ತದೆ. ತಳವನ್ನು ಮುಟ್ಟಲು ಬಿಡದ ಅಂಗಡಿಯಲ್ಲಿ ಕೊಳ್ಳುವ ಅಗತ್ಯವಿಲ್ಲ.

ಪಿಒಪಿಯ ತೊಂದರೆ ಏನೆಂದರೆ ಅದು ನಿಜಕ್ಕೂ ಕಲ್ಲು. ಜಿಪ್ಸಮ್ಮನ್ನು ಸುಮಾರು 150 ಡಿಗ್ರಿಗೆ ಕಾಯಿಸಿ ಪುಡಿ ಮಾಡಿದ್ದು. ನೀರು ಬೆರೆಸಿದ ಕೂಡಲೇ ಮತ್ತೆ ಜಿಪ್ಸಮ್ಮೇ ಆಗಿ ಗಟ್ಟಿಯಾಗುತ್ತದೆ. ಒಂದು ಲೀಟರ್ ನೀರಿನಲ್ಲಿ ಅದು ಕರಗುವುದು 2ರಿಂದ 2.5 ಗ್ರಾಂ. 2 ಕೆ.ಜಿ. ವಿಗ್ರಹ ಪೂರ್ತಿ ಕರಗಲು 800 ಲೀಟರ್‌ಗಿಂತ ಹೆಚ್ಚು ನೀರು ಬೇಕು, ಅದೂ ತಿಂಗಳುಗಟ್ಟಲೆ ಕಾದರೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ವಿಸರ್ಜನೆಗೆ 2010ರಲ್ಲಿ ಮಾರ್ಗಸೂಚಿ ತಂದು, 2020ರ ಮೇ ತಿಂಗಳಲ್ಲಿ ಅದನ್ನು ಪರಿಷ್ಕರಿಸಿ, ಪಿಒಪಿ, ಥರ್ಮೋಕೋಲ್, ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ಮೂರನ್ನೂ ಬೇಡವೆಂದಿದೆ. ಆದ್ದರಿಂದ ಈಗ ‘ಪಿಒಪಿ ಗಣಪ’ ಎಂದು ಹೇಳಿ ಮಾರುವವರು ಕಡಿಮೆ. ಮೇಲೆ ತೆಳ್ಳಗೆ ಕೆಮ್ಮಣ್ಣು ಬಳಿದು ‘ಮಣ್ಣಿಂದೇ ಸಾರ್’ ಎನ್ನುವುದು ಇರುತ್ತದೆ. ಅದಕ್ಕೇ ತಳ ನೋಡಬೇಕು.

ಈಗ ಐದಕ್ಕೆ ಐದು ಪಡೆದವನ ವಿಚಾರ. ಒಳ್ಳೆಯ ವಿಗ್ರಹದ ಮಣ್ಣು ಜರಡಿ ಹಿಡಿದು, ನೆನೆಸಿ, ತುಳಿದು ಹದ ಮಾಡಿದ ಜೇಡಿ. ಮಾಡಿದ ಮೇಲೆ ನೆರಳಿನಲ್ಲಿ ಎಂಟು ಹತ್ತು ದಿನ ಆರಬೇಕು. ಬಿಸಿಲಿಗಿಟ್ಟು ಅವಸರದಲ್ಲಿ ಒಣಗಿಸಿದ್ದು ಸೊಂಡಿಲಿನ ಬುಡ, ಕಿವಿ ಸೇರುವ ಜಾಗ, ಕೈ ಅಂಟಿಸಿದ ಕೀಲು ಇಲ್ಲೆಲ್ಲ ಬಿರುಕು ಬಿಡುತ್ತದೆ, ಏಕೆಂದರೆ ತೆಳು ಭಾಗ ಮೊದಲು ಒಣಗಿ ಕುಗ್ಗುತ್ತದೆ, ದಪ್ಪ ಭಾಗ ಇನ್ನೂ ಹಸಿಯಾಗಿ ಹಿಡಿದಿರುತ್ತದೆ. ಕೊಳ್ಳುವಾಗ ಮುಖಕ್ಕಿಂತ ಮೊದಲು ಈ ಮೂರು ಜಾಗ ನೋಡಿ. ಕೂದಲೆಳೆಯಷ್ಟು ಸೀಳಿದ್ದರೆ ಅದೇ ಜಾತಿಯ ಮಣ್ಣನ್ನು ಮಜ್ಜಿಗೆಯ ಹದಕ್ಕೆ ಕಲಸಿ ಬೆರಳಲ್ಲಿ ಒತ್ತಿದರೆ ಸಾಕು. ಗೋಂದು ಹಾಕಬೇಡಿ, ಗೋಂದಿನ ಕೀಲು ನೀರಿನಲ್ಲಿ ಬಿಡುವುದಿಲ್ಲ.

ಹೆಚ್ಚಿನವರು ಗಮನಿಸದ ಸಂಗತಿ ಒಳಗಿನ ಹಸಿ. ಮಳೆಗಾಲದ ಕೊನೆಯಲ್ಲಿ ಬರುವ ಹಬ್ಬ, ಹಬ್ಬದ ಹಿಂದಿನ ದಿನ ತಂದ ವಿಗ್ರಹದ ಹೊಟ್ಟೆ ಇನ್ನೂ ಆರಿರುವುದಿಲ್ಲ. ರಾತ್ರಿ ಪೇಪರಿನ ಮೇಲೆ ಕೂರಿಸಿಡಿ. ಬೆಳಗ್ಗೆ ಅಡಿಯ ಹಾಳೆ ನೆನೆದಿದ್ದರೆ ಇನ್ನೂ ಹಸಿ ಇದೆ. ಅಂಥದ್ದರ ಹತ್ತಿರ ದೊಡ್ಡ ದೀಪ ಇಟ್ಟರೆ ಆ ಪಕ್ಕ ಸೀಳುತ್ತದೆ. ಒಂದು ಅಡಿಯಾದರೂ ದೂರವಿರಲಿ. ಎರಡನೆಯ ತೊಂದರೆ ಕೊನೆಗೆ ಗೊತ್ತಾಗುವುದು: ಹಸಿ ಮಣ್ಣು ನೀರಿನಲ್ಲಿ ಬೇಗ ಬಿಡುವುದಿಲ್ಲ. ಪೂರ್ತಿ ಒಣಗಿದ ಮಣ್ಣಿನ ರಂಧ್ರಗಳಲ್ಲಿ ಗಾಳಿ ಇರುತ್ತದೆ; ನೀರು ರಭಸದಿಂದ ಒಳಗೆ ನುಗ್ಗಿದಾಗ ಆ ಗಾಳಿ ಗುಳ್ಳೆಗುಳ್ಳೆಯಾಗಿ ಹೊರಗೆ ತಳ್ಳಿ ಮಣ್ಣನ್ನು ಪದರಪದರವಾಗಿ ಒಡೆಯುತ್ತದೆ. ಹಸಿ ಮಣ್ಣಿನಲ್ಲಿ ರಂಧ್ರಗಳು ಮೊದಲೇ ನೀರು ತುಂಬಿಕೊಂಡಿರುವುದರಿಂದ ಒಡೆಯುವ ಕೆಲಸವೇ ನಡೆಯುವುದಿಲ್ಲ. ಹಬ್ಬಕ್ಕೆ ವಾರ ಮುಂಚೆ ತಂದಿಟ್ಟರೆ ಎರಡು ತೊಂದರೆಯೂ ಇಲ್ಲ.

ಪೂಜೆಯಲ್ಲಿ ಮಾಡುವ ತಪ್ಪಿಗೂ ಭಾಗವತ ಉತ್ತರ ಹೇಳಿದೆ. ಹನ್ನೊಂದನೆಯ ಸ್ಕಂಧದ 27ನೇ ಅಧ್ಯಾಯದಲ್ಲಿ ಎಂಟು ಬಗೆಯ ಪ್ರತಿಮೆಗಳ ಪಟ್ಟಿ ಬರುತ್ತದೆ: ಕಲ್ಲು, ಮರ, ಲೋಹ, ಮೆತ್ತಿದ್ದು, ಬರೆದದ್ದು, ಮರಳಿನದು, ಮನಸ್ಸಿನದು, ಮಣಿಯದು. ಎರಡು ಶ್ಲೋಕ ದಾಟಿದರೆ ‘ಸ್ನಪನಂ ತ್ವವಿಲೇಪ್ಯಾಯಾಂ ಅನ್ಯತ್ರ ಪರಿಮಾರ್ಜನಂ’. ಅಂದರೆ ಮಣ್ಣು ಮೆತ್ತಿ ಮಾಡಿದ ವಿಗ್ರಹಕ್ಕೆ ಅಭಿಷೇಕ ಮಾಡುವಂತಿಲ್ಲ, ಒರೆಸುವುದಷ್ಟೇ. ಪಂಚಾಮೃತ ಸುರಿದು ಮೂಗು ಕರಗಿತು ಎಂದು ಮಾರಿದವನನ್ನು ಬೈಯುವುದರಲ್ಲಿ ಅರ್ಥವಿಲ್ಲ. ಹೂವಿನಿಂದ ಪ್ರೋಕ್ಷಣೆ ಮಾಡಿ, ಅಭಿಷೇಕವನ್ನು ಪಕ್ಕದಲ್ಲಿ ತಟ್ಟೆಯಲ್ಲಿಟ್ಟ ಅಡಿಕೆಗೋ ಪುಟ್ಟ ಬೆಳ್ಳಿ ಗಣಪನಿಗೋ ಮಾಡಿದರಾಯಿತು.

ಮನೆಯಲ್ಲೇ ವಿಸರ್ಜನೆ ಮಾಡುವ ಕ್ರಮ ಹೀಗೆ. ‘ಯಾಂತು ದೇವಗಣಾಃ ಸರ್ವೇ’ ಹೇಳಿ ವಿಗ್ರಹವನ್ನು ಕದಲಿಸಿದ ಮೇಲೆ ಹೂವು, ಗೆಜ್ಜೆವಸ್ತ್ರ, ಜನಿವಾರ, ಕಣ್ಣಿಗೆ ಅಂಟಿಸಿದ ಮಣಿ, ಹಿಂದಿನ ಪ್ರಭಾವಳಿ ಎಲ್ಲ ತೆಗೆಯಿರಿ. ಈಗಿನ ಗೆಜ್ಜೆವಸ್ತ್ರದಲ್ಲಿ ಹತ್ತಿಯ ಜೊತೆ ಮಿನುಗುವ ಪ್ಲಾಸ್ಟಿಕ್ ಇರುತ್ತದೆ, ಅದು ಗೊಬ್ಬರಕ್ಕೂ ಹೋಗಬಾರದು. ಗೇಣುದ್ದದ ವಿಗ್ರಹಕ್ಕೆ 20 ಲೀಟರಿನ ಬಕೆಟ್, ಅದರಲ್ಲಿ 15 ಲೀಟರ್ ನೀರು. ವಿಗ್ರಹವನ್ನು ಕೂರಿಸಿದಂತೆಯೇ ಇಳಿಸಿ ಬಿಡಿ. ಕೋಲು ಹಾಕಿ ಕದಡುವುದು ಬೇಡ. ಕದಡಿದರೆ ಹೊರಗಿನ ಕೆಸರು ಒಳಗಿನ ಒಣಮಣ್ಣಿಗೆ ಮೆತ್ತಿಕೊಂಡು ನೀರು ಹೋಗುವ ದಾರಿ ಮುಚ್ಚುತ್ತದೆ. ಮೊದಲ ಕೆಲವು ನಿಮಿಷದಲ್ಲೇ ಅಂಚುಗಳು ಉದುರತೊಡಗುತ್ತವೆ, ರಾತ್ರಿ ಬಿಟ್ಟರೆ ಬೆಳಗ್ಗೆ ತಳದಲ್ಲಿ ಕೆಸರು. ಇನ್ನೂ ಒಂದು ದಿನ ಅಲುಗಾಡಿಸದೆ ಇಟ್ಟು ಮೇಲಿನ ತಿಳಿಯನ್ನು ಗಿಡಗಳಿಗೆ ಹಾಕಿ. ಕೆಸರನ್ನು ಹಳೆ ಬಟ್ಟೆಯ ಮೇಲೆ ಹರಡಿ ಒಣಗಿಸಿ ಡಬ್ಬಿಯಲ್ಲಿಟ್ಟರೆ ಮುಂದಿನ ವರ್ಷಕ್ಕೆ ಅದೇ ಮಣ್ಣು. ಕುಂಡಕ್ಕೆ ಹಾಕುವುದಾದರೆ ಐದು ಪಾಲಿಗೆ ಒಂದು ಪಾಲು ಮೀರಬಾರದು, ಮೀರಿದರೆ ಬೇರಿಗೆ ಉಸಿರು ಕಟ್ಟುತ್ತದೆ. ಬಚ್ಚಲಿಗೆ ಅಥವಾ ಕಮೋಡಿಗೆ ಸುರಿಯಲೇಬೇಡಿ. ಜೇಡಿ ಪೈಪಿನ ತಿರುವಿನಲ್ಲಿ ಕೂತರೆ ಪ್ಲಂಬರ್ ಬರಬೇಕಾಗುತ್ತದೆ.

ಬಣ್ಣ ಬಳಿದ ಮಣ್ಣಿನ ಗಣಪನಿಗೆ ಎರಡೂವರೆ. ಮಣ್ಣು ಚೆನ್ನಾಗಿದ್ದರೂ ಬಣ್ಣ ಕೆಡಿಸುತ್ತದೆ, ಅದೂ ಎರಡು ರೀತಿಯಲ್ಲಿ. ಎಣ್ಣೆ ಪೇಂಟು, ಅಕ್ರಿಲಿಕ್, ವಾರ್ನಿಶ್ ಮೂರೂ ಪೊರೆ ಕಟ್ಟುತ್ತವೆ. ನೀರು ತಳದಿಂದ ಮಾತ್ರ ಒಳಹೋಗಿ, ಒಳಗೆಲ್ಲ ಕರಗಿದ ಮೇಲೂ ಮೇಲ್ಮೈ ಹಾಗೇ ಸುಲಿದು ತೇಲುತ್ತದೆ, ಅದು ಪ್ಲಾಸ್ಟಿಕ್ಕೇ. ಇನ್ನೊಂದು ವಿಷದ ಮಾತು. ಗೃಹಬಳಕೆಯ ಪೇಂಟಿನಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಭಾಗ ಮೀರಬಾರದೆಂಬ ಕೇಂದ್ರದ ನಿಯಮ 2017ರ ನವೆಂಬರಿನಿಂದ ಜಾರಿಯಲ್ಲಿದೆ, ಆದರೆ ವಿಗ್ರಹಕ್ಕೆ ಬಳಿದದ್ದು ಯಾವ ಡಬ್ಬಿಯ ಬಣ್ಣ ಎಂದು ಕೊಳ್ಳುವವರಿಗೆ ತಿಳಿಯುವ ದಾರಿಯಿಲ್ಲ. ಚಿನ್ನದ ಮಿರುಗು ಹಿತ್ತಾಳೆ ಪುಡಿಯದಾದರೆ ಅದರಲ್ಲಿ ತಾಮ್ರವಿರುತ್ತದೆ. ಸಣ್ಣ ಪ್ರಮಾಣದ ತಾಮ್ರವೂ ಮೀನಿಗೆ ಅಪಾಯ. ಬಣ್ಣ ಬೇಕೇ ಬೇಕೆನ್ನುವವರು ಬರಿ ಮಣ್ಣಿನದು ತಂದು ಕೆಮ್ಮಣ್ಣು, ಸುಣ್ಣ, ಅರಿಶಿನ, ಕಾಡಿಗೆ ಇಷ್ಟರಲ್ಲೇ ಅಲಂಕರಿಸಬಹುದು. ಕುಂಕುಮ ಅಸಲಿಯೋ ಎಂದು ನೋಡಲು ಚಿಟಿಕೆಗೆ ನಿಂಬೆರಸ ಹಿಂಡಿ: ಅರಿಶಿನಕ್ಕೆ ಸುಣ್ಣ ಬೆರೆಸಿ ಮಾಡಿದ್ದಾದರೆ ಹುಳಿ ತಾಗಿ ಮತ್ತೆ ಹಳದಿಗೆ ತಿರುಗುತ್ತದೆ. ಕೆಂಪಾಗಿಯೇ ಉಳಿದರೆ ಅದು ಬಟ್ಟೆಗೆ ಹಾಕುವಂಥ ಬಣ್ಣ, ವಿಗ್ರಹಕ್ಕೂ ಬೇಡ, ಹಣೆಗೂ ಬೇಡ.

ಸುಟ್ಟ ಮಣ್ಣಿನ ಗಣಪ ವಿಸರ್ಜನೆಗೆ ಸೊನ್ನೆ. ಮಣ್ಣಿನ ಕಣದೊಳಗೇ ಕಟ್ಟಿಕೊಂಡ ನೀರು 500–600 ಡಿಗ್ರಿಯಲ್ಲಿ ಹೊರಟುಹೋದ ಮೇಲೆ ಅದು ಎಂದಿಗೂ ಕೆಸರಾಗದು. ಸಾವಿರಾರು ವರ್ಷದ ಮಡಕೆ ಚೂರು ಇಂದಿಗೂ ಅಗೆತದಲ್ಲಿ ಸಿಗುವುದು ಅದರಿಂದಲೇ. ವರ್ಷವಿಡೀ ಮನೆಯಲ್ಲಿ ಇಟ್ಟುಕೊಳ್ಳುವುದಾದರೆ ಅದಕ್ಕೆ ಪೂರ್ತಿ ಅಂಕ.

ಬೀಜದ ಗಣಪ ಈ ಕಾಲದ ಅಚ್ಚುಮೆಚ್ಚು. ಡಬ್ಬಿ, ಕುಂಡ, ಗೊಬ್ಬರದ ಪೊಟ್ಟಣ ಸಮೇತ ಬರುತ್ತದೆ, ಬೆಲೆಯೂ ಅದಕ್ಕೆ ತಕ್ಕಂತೆ. ಕಲ್ಪನೆಗೆ ಪುರಾಣದ ಬಲವಿದೆ. ಮತ್ಸ್ಯಪುರಾಣದ 154ನೇ ಅಧ್ಯಾಯದಲ್ಲಿ ಪಾರ್ವತಿ ಮೈಗೆ ಹಚ್ಚಿದ ಪುಡಿಯಿಂದ ಆನೆಮೊಗದ ಬೊಂಬೆ ಮಾಡಿ ಗಂಗೆಗೆ ಬಿಡುತ್ತಾಳೆ. ಅದರ ಬೆನ್ನಿಗೇ ಅಶೋಕದ ಸಸಿಯೊಂದನ್ನು ಮಗನೆಂದು ಬೆಳೆಸುತ್ತಾಳೆ. ಋಷಿಗಳು ಕೇಳಿದಾಗ ಬರುವ ಉತ್ತರವೇ ಹತ್ತು ಬಾವಿಗೆ ಒಂದು ಕೊಳ, ಹತ್ತು ಕೊಳಕ್ಕೆ ಒಂದು ಮಡು, ಹತ್ತು ಮಡುವಿಗೆ ಒಬ್ಬ ಮಗ, ಹತ್ತು ಮಕ್ಕಳಿಗೆ ಒಂದು ಮರ ಎನ್ನುವ ಪ್ರಸಿದ್ಧ ಲೆಕ್ಕ. ನೀರಿಗೆ ಬಿಟ್ಟ ಗಣಪ, ನೆಟ್ಟ ಗಿಡ ಎರಡೂ ಒಂದೇ ಅಧ್ಯಾಯದಲ್ಲಿವೆ. ಆದರೆ ಪಾರ್ವತಿ ಗಿಡವನ್ನು ಬೊಂಬೆಯ ಹೊಟ್ಟೆಯಲ್ಲಿಟ್ಟು ಮಾಡಲಿಲ್ಲ, ಬೇರೆಯಾಗಿಯೇ ಬೆಳೆಸಿದಳು. ತಯಾರಕರು ಆ ಭಾಗ ಓದಿದ್ದರೆ ಒಳ್ಳೆಯದಿತ್ತು.

ಏಕೆಂದರೆ ಬೀಜ ಸಾಯುವುದು ಕಾರ್ಖಾನೆಯಲ್ಲೇ. ಹಸಿ ಮಣ್ಣಿಗೆ ಬೀಜ ಕಲಸಿದಾಗ ಅದು ನೀರು ಕುಡಿದು ಉಬ್ಬುತ್ತದೆ, ಎರಡು ಮೂರು ದಿನಕ್ಕೆ ಮೊಳಕೆಯ ಮೂತಿ ಹೊರಡುತ್ತದೆ. ಆಮೇಲೆ ವಿಗ್ರಹ ಒಣಗುವಾಗ ಆ ಮೊಳಕೆಯೂ ಒಣಗುತ್ತದೆ. ಒಮ್ಮೆ ಬೇರು ಹೊರಬಂದು ಒಣಗಿದ ಬೀಜಕ್ಕೆ ಎರಡನೆಯ ಜನ್ಮವಿಲ್ಲ. ಸರಿಯಾದ ವಿಧಾನವೆಂದರೆ ವಿಗ್ರಹ ಪೂರ್ತಿ ಒಣಗಿದ ಮೇಲೆ ತಳದಲ್ಲಿ ಬಿಟ್ಟ ಗುಳಿಯಲ್ಲಿ ಒಣಬೀಜದ ಕಾಗದದ ಪೊಟ್ಟಣ ಇಡುವುದು. ಕೊಳ್ಳುವ ಮೊದಲು ಕೇಳಬೇಕಾದ ಪ್ರಶ್ನೆ ಇದೊಂದೇ: ಬೀಜ ಮಣ್ಣಿನಲ್ಲಿ ಕಲಸಿದೆಯೋ, ತಳದಲ್ಲಿ ಇಟ್ಟಿದೆಯೋ? ಕಲಸಿದ್ದಕ್ಕೆ ಒಂದೂವರೆ ಅಂಕ, ತಳದಲ್ಲಿಟ್ಟದ್ದಕ್ಕೆ ಮೂರೂವರೆ.

ಬೀಜ ಬದುಕಿದ್ದರೂ ಜೇಡಿ ಬಿಡುವುದಿಲ್ಲ. ಕುಂಡದಲ್ಲಿ ವಿಗ್ರಹವಿಟ್ಟು ನೀರು ಹೊಯ್ದು ಕರಗಿಸಿ ಎಂದು ಚೀಟಿ ಹೇಳುತ್ತದೆ. ಕರಗಿದ ಜೇಡಿ ಒಣಗಿ ಮೇಲೆ ಹೆಪ್ಪು ಕಟ್ಟಿದರೆ ಸಣ್ಣ ಮೊಳಕೆ ಅದನ್ನು ಒಡೆಯಲಾರದು. ಒದ್ದೆಯಾಗಿಯೇ ಇಟ್ಟರೆ ಗಾಳಿಯಿಲ್ಲದೆ ಕೊಳೆಯುತ್ತದೆ. ತುಳಸಿ ಬೀಜವಂತೂ ಸಾಸಿವೆಗಿಂತ ಚಿಕ್ಕದು, ಮೇಲ್ಪದರದಲ್ಲಿದ್ದರೆ ಮಾತ್ರ ಏಳುತ್ತದೆ. ಬೇವಿನ ಬೀಜ ಕೆಲವು ವಾರಗಳಲ್ಲೇ ಜೀವ ಕಳೆದುಕೊಳ್ಳುವ ಜಾತಿ, ತಿಂಗಳುಗಟ್ಟಲೆ ಡಬ್ಬಿಯಲ್ಲಿ ಕೂತದ್ದರಿಂದ ಏನೂ ಆಶಿಸಬೇಡಿ. ಬೆಂಡೆ, ಚೆಂಡುಹೂವು, ಟೊಮೆಟೊ ಸ್ವಲ್ಪ ಗಟ್ಟಿ. ಈಗಾಗಲೇ ಕೊಂಡಿದ್ದರೆ ಹೀಗೆ ಮಾಡಿ: ತಳದ ಪೊಟ್ಟಣವನ್ನು ವಿಸರ್ಜನೆಗೆ ಮೊದಲೇ ತೆಗೆದಿಡಿ, ವಿಗ್ರಹವನ್ನು ಬಕೆಟ್ಟಿನಲ್ಲಿ ಕರಗಿಸಿ, ಒಂದು ಪಾಲು ಕೆಸರಿಗೆ ಎರಡು ಪಾಲು ಮರಳು, ಎರಡು ಪಾಲು ಗೊಬ್ಬರ ಬೆರೆಸಿ ಕುಂಡ ತುಂಬಿಸಿ, ಬೀಜವನ್ನು ಅದರ ಗಾತ್ರದ ಎರಡರಷ್ಟು ಆಳದಲ್ಲಿ ಹಾಕಿ. ಭೂಮಿಸೂಕ್ತದ ‘ಯತ್ತೇ ಭೂಮೇ ವಿಖನಾಮಿ ಕ್ಷಿಪ್ರಂ ತದಪಿ ರೋಹತು’, ನಿನ್ನಿಂದ ಅಗೆದದ್ದು ಬೇಗ ಚಿಗುರಲಿ ಎಂಬ ಅಥರ್ವವೇದದ ಪ್ರಾರ್ಥನೆಗೆ ಇಷ್ಟು ಮರಳು ಗೊಬ್ಬರದ ನೆರವು ಬೇಕು.

ಉಳಿದವನ್ನು ಬೇಗ ಮುಗಿಸಬಹುದು. ಕಾಗದದ ತಿರುಳಿನದು ಹಗುರ, ಸಾಗಿಸಲು ಸುಲಭ, ಬಿರುಕಿಲ್ಲ. ಆದರೆ ಅದರಲ್ಲಿ ಶಾಯಿ, ಗೋಂದು, ಸೀಮೆಸುಣ್ಣದ ಪುಡಿ ಇರುತ್ತವೆ, ಕೊಳೆಯುವಾಗ ನೀರಿನ ಆಮ್ಲಜನಕ ತಿನ್ನುತ್ತದೆ. ಎರಡು ಅಂಕ. ಸಗಣಿಯದು ತೇಲುತ್ತದೆ, ನಿಧಾನವಾಗಿ ಬಿಡುತ್ತದೆ. ಅದನ್ನು ನೀರಿಗೆ ಹಾಕುವುದಕ್ಕಿಂತ ನೀರು ಚಿಮುಕಿಸಿ ಗೊಬ್ಬರದ ಗುಂಡಿಗೆ ಇಳಿಸಿದರೆ ನಾಲ್ಕು ಅಂಕ ಕೊಡಬಹುದು. ಅರಿಶಿನದ್ದು ಅಂಗಡಿಯಲ್ಲಿ ದೊಡ್ಡದಾಗಿ ಸಿಕ್ಕರೆ ಹೆಚ್ಚಿನ ಪಾಲು ಹಿಟ್ಟು ಎಂದೇ ತಿಳಿಯಿರಿ, ಮಳೆಗಾಲದ ತೇವಕ್ಕೆ ಬೂಸ್ಟು ಹಿಡಿಯುತ್ತದೆ, ಇರುವೆಯೂ ಬರುತ್ತದೆ. ಪ್ರತಿ ಪೂಜೆಯ ಮೊದಲು ವೀಳ್ಯದೆಲೆಯ ಮೇಲೆ ಇಡುವ ಅರಿಶಿನದ ಉಂಡೆ ಮನೆಯಲ್ಲೇ ಆಗುವಾಗ ಅದನ್ನು ಕೊಂಡು ತರುವುದೇಕೆ?

ಜೊತೆಗೆ ಮಾರುವ ಪತ್ರೆಯ ಕಟ್ಟಿನ ಬಗ್ಗೆ ಒಂದು ಎಚ್ಚರಿಕೆ. ಇಪ್ಪತ್ತೊಂದು ಪತ್ರೆಗಳಲ್ಲಿ ದತ್ತೂರ, ಅರ್ಕ, ಕರವೀರ ಇವೆ: ಉಮ್ಮತ್ತಿ, ಎಕ್ಕ, ಕಣಗಿಲೆ. ಮೂರೂ ವಿಷದ ಎಲೆಗಳು, ಕಣಗಿಲೆಯಂತೂ ಕೆಲವೇ ಎಲೆ ಸಾಕು ಹಸುವನ್ನು ಕೆಡವಲು. ಪೂಜೆಯ ನಿರ್ಮಾಲ್ಯವನ್ನು ‘ಹಸು ತಿನ್ನಲಿ’ ಎಂದು ರಸ್ತೆ ಬದಿಗೆ ಇಡುವ ಅಭ್ಯಾಸ ಇಲ್ಲಿ ಪಾಪಕ್ಕೆ ದಾರಿ. ಗೊಬ್ಬರದ ಗುಂಡಿಗೆ ಹಾಕಿ ಮೇಲೆ ಮಣ್ಣು ಮುಚ್ಚಿ. ಕಟ್ಟಿನಲ್ಲಿ ನಿಜವಾಗಿ ಇಪ್ಪತ್ತೊಂದು ಬಗೆ ಇರುವುದೂ ಅಪರೂಪ, ಒಂದೇ ಗಿಡದ ಎಲೆ ಮೂರು ಹೆಸರಲ್ಲಿ ಬರುತ್ತದೆ. ಗರಿಕೆ ಚೆನ್ನಾಗಿದೆಯೇ ನೋಡಿ, ಸಿಕ್ಕಷ್ಟು ಪತ್ರೆಯಲ್ಲಿ ಪೂಜೆ ಮಾಡಿ.

ವಿಸರ್ಜನೆಯ ಸೇವೆಗೂ ಅಂಕ ಕೊಡಬೇಕಲ್ಲ. ಬೆಂಗಳೂರಿನಲ್ಲಿ ಪಾಲಿಕೆಯ ಸಂಚಾರಿ ಟ್ಯಾಂಕರುಗಳು ಬೀದಿಗೆ ಬರುತ್ತವೆ, ಸ್ಯಾಂಕಿ, ಯಡಿಯೂರು, ಹಲಸೂರಿನಂಥ ಕೆರೆಗಳ ಪಕ್ಕದ ಕಲ್ಯಾಣಿಗಳಲ್ಲೂ ವ್ಯವಸ್ಥೆ ಇರುತ್ತದೆ. ಕೆರೆಯ ನೀರಿಗೂ ವಿಗ್ರಹಕ್ಕೂ ಸಂಬಂಧ ಕಡಿದುಹಾಕುವ ಕಾರಣ ಏರ್ಪಾಡು ಒಳ್ಳೆಯದು. ಮಿತಿಯೂ ಅಲ್ಲೇ ಇದೆ: ಬಣ್ಣದ್ದು, ಬರಿ ಮಣ್ಣಿನದು, ಹಾರ, ಬಾಳೆಕಂದು ಎಲ್ಲ ಒಂದೇ ತೊಟ್ಟಿಗೆ ಬಿದ್ದರೆ ಒಳ್ಳೆಯ ಮಣ್ಣೂ ಮರುಬಳಕೆಗೆ ಬರದಂತೆ ಕೆಡುತ್ತದೆ. ಬಣ್ಣವಿಲ್ಲದ ಗಣಪನಿದ್ದವರಿಗೆ ಇದರ ಅಗತ್ಯವೇ ಇಲ್ಲ. ಬಕೆಟ್ಟಿನಲ್ಲಿ ಹಿಡಿಯದ ವಿಗ್ರಹದವರು ಹೋಗಲಿ, ಹೂವನ್ನು ಮೊದಲೇ ಬೇರೆ ಚೀಲಕ್ಕೆ ಹಾಕಿಕೊಂಡು. ಮೂರು ಅಂಕ.

ಬೆರಳಿನ ಪರೀಕ್ಷೆ ತಡವಾಗಿ ಮಾಡಿ, ಮನೆಯಲ್ಲಿರುವುದು ಪಿಒಪಿ ಎಂದು ಗೊತ್ತಾದರೂ ಕೆರೆಯ ದಾರಿ ಹಿಡಿಯಬೇಕಿಲ್ಲ. ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯ ರೂಪಿಸಿದ ವಿಧಾನವಿದೆ, ಅಲ್ಲಿನ ಪಾಲಿಕೆ ಜನರಿಗೆ ಅದರ ಪುಡಿಯನ್ನೂ ಹಂಚಿದೆ. ಬೇಕರಿಯವರು ಬಿಸ್ಕತ್ತು ಉಬ್ಬಿಸಲು ಹಾಕುವ ಅಮೋನಿಯಂ ಬೈಕಾರ್ಬನೇಟ್ ಅದು. ವಿಗ್ರಹದ ತೂಕಕ್ಕೆ ಸರಿಸಮ ಪುಡಿ ಬೇಕು, ವಿಗ್ರಹ ಮುಳುಗುವಷ್ಟು ನೀರು, ಪ್ಲಾಸ್ಟಿಕ್ ಬಕೆಟ್. ಮೊದಲು ಬಣ್ಣವನ್ನು ಆದಷ್ಟು ಕೆರೆದು ತೆಗೆಯಿರಿ, ಪೊರೆಯಿದ್ದಲ್ಲಿ ದ್ರಾವಣ ತಾಗುವುದಿಲ್ಲ. ಮಣ್ಣಿನದಕ್ಕೆ ಕದಡಬಾರದು ಎಂದೆವು, ಇದಕ್ಕೆ ಕೆಲವು ಗಂಟೆಗೊಮ್ಮೆ ಕದಡಲೇಬೇಕು, ಇಲ್ಲವಾದರೆ ವಿಗ್ರಹದ ಮೇಲೆ ಕೂರುವ ಬಿಳಿ ಸುಣ್ಣದ ಪದರ ಕೆಲಸ ನಿಲ್ಲಿಸುತ್ತದೆ. ಎರಡು ಮೂರು ದಿನ ಹಿಡಿಯುತ್ತದೆ. ಅಮೋನಿಯಾ ವಾಸನೆ ಕಣ್ಣಿಗೆ ಹತ್ತುವುದರಿಂದ ಬಕೆಟ್ ತಾರಸಿಯಲ್ಲೋ ಅಂಗಳದಲ್ಲೋ ಇರಲಿ, ಬಾತ್‌ರೂಮಿನಲ್ಲಿ ಬೇಡ. ಕೊನೆಗೆ ತಳದಲ್ಲಿ ಸಿಗುವುದು ಕ್ಯಾಲ್ಸಿಯಂ ಕಾರ್ಬೊನೇಟ್, ಮೇಲಿನ ನೀರಿನಲ್ಲಿ ಅಮೋನಿಯಂ ಸಲ್ಫೇಟ್, ಅಂದರೆ ರಸಗೊಬ್ಬರ. ಬಣ್ಣ ಬಿಟ್ಟ ನೀರಾದ್ದರಿಂದ ಇಪ್ಪತ್ತು ಪಟ್ಟು ತೆಳು ಮಾಡಿ ಹೂವಿನ ಗಿಡ, ಬೇಲಿ ಗಿಡಕ್ಕೆ ಮಾತ್ರ ಹಾಕಿ. ಸೊಪ್ಪು ತರಕಾರಿಗೆ ಬೇಡ.